ಕಂಪ್ಯೂಟರಿಗೊಂದು ಅರ್ಜಿ

ಹರಿಹರದ ತಾಲ್ಲೂಕು ಕಚೇರಿ ಮುಂದೆ ಮೂವತ್ತು ವರ್ಷ ಅರ್ಜಿ ಬರೆದ ಉಜ್ಜನಪ್ಪನವರು, ದಾವಣಗೆರೆಯ ನನ್ನ ಎಸ್‌ಟಿಡಿ ಬೂತಿಗೆ ಇಂಟರ್‌ನೆಟ್ ಬಂದ ಮೇಲೆ ಕಂಪ್ಯೂಟರಿಗೂ ಅರ್ಜಿಯನ್ನೇ ಬರೆಯುತ್ತಾರೆ. ಆರೋಗ್ಯ ಸಲಹೆಯ ಸೈಟಿನ ಹುಡುಕುವ ಜಾಗದಲ್ಲಿ ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ, ತಂದೆಯ ಹೆಸರು, ವಯಸ್ಸು, ವಿಳಾಸ ಎಲ್ಲ ದಾಟಿ ಮಂಡಿನೋವಿಗೆ ಬರುವಷ್ಟರಲ್ಲಿ ಅರ್ಧ ಗಂಟೆ. ಸಿಗುವ ಉತ್ತರ ಸೊನ್ನೆ. ‘ಎರಡು ಪದ ಸಾಕ್ರಿ ಯಜಮಾನ್ರೆ’ ಎಂದರೆ, ‘ಮರ್ಯಾದಿ ಇಲ್ದಂಗೆ ಕೇಳಿದ್ರೆ ಯಾವ ಸಾಹೇಬ್ರು ಉತ್ತರ ಕೊಡ್ತಾರ್ರಿ?’ ಎಂದು ನನಗೇ ಪಾಠ. ಕೊನೆಗೆ ‘ತಮ್ಮ ವಿಧೇಯ’ ಎಂದೂ ಒತ್ತಿ, ಸಹಿ ಎಲ್ಲಿ ಹಾಕಬೇಕೆಂದು ಪರದೆ ತಡಕುತ್ತಾರೆ. ನಿನ್ನೆ ಮಾತ್ರ ಡಾಕ್ಟರ ಚೀಟಿ ನೋಡಿಕೊಂಡು, ಹೆಂಡತಿಯ ಕಾಯಿಲೆಯ ಹೆಸರನ್ನು ಎರಡೇ ಪದದಲ್ಲಿ ಒತ್ತಿದರು. ಒಂಬತ್ತು ಸಾವಿರ ಉತ್ತರ ಬಂದವು. ಒಂದನ್ನೂ ತೆರೆಯದೆ, ‘ಇಷ್ಟು ಮನೆಯಾಗ ಐತೇನ್ರಿ ಇದು?’ ಅಂದರು.