ಕಾರವಾರದ ಆ ಮಧ್ಯಾಹ್ನ

ನಿರ್ಮಲಾ, ನಿನ್ನ ಗಂಡನಿಗೆ ಮತ್ತೆ ಕುಡಿಸಿದವನು ನಾನು.

ಅವನು ಮತ್ತೆ ಕುಡಿದದ್ದು ನಿನ್ನ ಮಾತಿನಿಂದಲ್ಲ, ನಿನ್ನ ಸಿಟ್ಟಿನಿಂದಲೂ ಅಲ್ಲ. ಬ್ಯಾಡಗಿಯ ಈ ಚಂದ್ರಶೇಖರ, ನಾನು — ನೀನು ಮದುವೆಯಾಗಿ ಬಂದಂದಿನಿಂದ ಬಾಯಿ ತುಂಬ ಅಣ್ಣಾ ಎಂದು ಕರೆದವನು — ಕಾರವಾರದಲ್ಲಿ, ನಡು ಮಧ್ಯಾಹ್ನ, ಊಟಕ್ಕೆ ಕೂತಾಗ, ನನ್ನ ಕೈಯಾರೆ ಗ್ಲಾಸಿಗೆ ಸುರಿದು ಅವನ ಮುಂದೆ ಸರಿಸಿದೆ. ಎಂಟು ವರ್ಷವಾಯಿತು. ಇಷ್ಟು ದಿನ ಈ ಒಂದು ಸಾಲು ನನ್ನ ಗಂಟಲಿನಿಂದ ಹೊರಗೆ ಬರಲಿಲ್ಲ. ಬರಲಿಲ್ಲ ಎಂದರೂ ತಪ್ಪಾದೀತು — ನಾನೇ ಬರಗೊಡಲಿಲ್ಲ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಯಾಕೆಂದರೆ ಈ ಕಾಗದವನ್ನು ನಿನ್ನ ಮಗಳು ಸಹನಾ ಓದುತ್ತಾಳೆ, ನಿನ್ನ ಅತ್ತೆಗೂ ಓದಿ ಹೇಳುತ್ತಾಳೆ. ಯಾರಿಗೂ ಏನೂ ಅರ್ಧಮರ್ಧ ತಿಳಿಯುವುದು ಬೇಡ.

ಗಂಗಾಧರ ಮತ್ತು ನಾನು ಬ್ಯಾಡಗಿಯಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಮುಂದೆ ನಾನು ಇಲ್ಲಿಯೇ ಮೋಟರ್ ರಿಪೇರಿ ಅಂಗಡಿ ಹಾಕಿದೆ. ಅವನು ರಾಣೆಬೆನ್ನೂರಿಗೆ ಹೋಗಿ ಫೋಟೊ ಸ್ಟುಡಿಯೊ ತೆರೆದ. ಮದುವೆ ಮನೆಯಲ್ಲಿ ಸೆಟೆದು ನಿಂತ ಬೀಗರನ್ನು ಒಂದೇ ಮಾತಿನಲ್ಲಿ ನಗಿಸಿ ಫೋಟೊ ತೆಗೆಯುತ್ತಿದ್ದ. ಜನ ಅವನನ್ನು ಕರೆಯುತ್ತಿದ್ದುದೇ ಆ ನಗುವಿಗಾಗಿ. ಆದರೆ ಆ ನಗುವಿನ ಹಿಂದೆ ಒಂದು ಬಾಟಲಿ ಇರುತ್ತಿತ್ತು. ಅದನ್ನು ಬಿಡಿಸಲು ನೀನು ಪಟ್ಟ ಕಷ್ಟ — ಆಸ್ಪತ್ರೆ, ಮಾತ್ರೆ, ಅವನು ಕೈ ನಡುಗಿಸಿಕೊಂಡು ಕೂತ ದಿನಗಳಲ್ಲಿ ಮಗುವಿಗೆ ತಿನ್ನಿಸಿದಂತೆ ಅವನಿಗೆ ತುತ್ತು ತಿನ್ನಿಸಿದ್ದು — ನಾನು ಕಣ್ಣಾರೆ ಕಂಡಿದ್ದೇನೆ. ಬಿಟ್ಟ. ನಾಲ್ಕು ವರ್ಷ ಒಂದು ಹನಿ ಮುಟ್ಟಲಿಲ್ಲ.

ಆ ವರ್ಷ ನಾನು ಹಳೆಯ ಕಾರೊಂದನ್ನು ಕೊಂಡಿದ್ದೆ. ಎರಡು ದಿನ ಸಮುದ್ರ ನೋಡಿ ಬರೋಣ, ಮೀನು ತಿನ್ನೋಣ ಎಂದು ಅವನನ್ನು ಕರೆದೆ. ನೀನು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಕಾರಿನ ಕಿಟಕಿಯ ಹತ್ತಿರ ಬಂದು ನಿಂತು ಹೇಳಿದೆ: “ಅಣ್ಣಾ, ನೀವು ಜೊತಿಗಿದ್ದೀರಿ ಅಂತ ಕಳಸಾಕತ್ತೇನಿ. ಬ್ಯಾರೆ ಯಾರ ಕರದಿದ್ರೂ ಕಳಸ್ತಿರಲಿಲ್ರಿ.”

“ಕಾಳಜಿ ಬಿಡ ತಂಗಿ. ಹೆಂಗ ಒಯ್ತೇನೋ ಹಂಗ ತಂದ ಬಿಡ್ತೇನಿ,” ಎಂದೆ.

ಶಿರಸಿ ದಾಟಿ ಘಟ್ಟ ಇಳಿಯುವಾಗ ಅವನು ಕಿಟಕಿಯ ಹೊರಗೆ ಮುಖವಿಟ್ಟುಕೊಂಡು ಕೂತಿದ್ದ. ಕಾರವಾರ ಮುಟ್ಟಿದ ಮೇಲೆ ಮೀನುಗಾರರ ಬಂದರಿಗೆ ಹೋಗಿ ದೋಣಿಗಳ, ಬುಟ್ಟಿ ಹೊತ್ತ ಹೆಂಗಸರ ಫೋಟೊ ತೆಗೆದ. ಸಂಜೆ ದಂಡೆಯ ಮೇಲೆ ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಿಂತು, ಎಳನೀರು ಕುಡಿದು, ಒಂಬತ್ತಕ್ಕೆಲ್ಲ ಮಲಗಿಬಿಟ್ಟ. ಮರುದಿನ ಬೆಳಿಗ್ಗೆ ಸದಾಶಿವಗಡ ಹತ್ತಿದೆವು. ಕೆಳಗೆ ಕಾಳಿ ನದಿ ಸಮುದ್ರ ಸೇರುವುದನ್ನು ನೋಡುತ್ತ ಅವನು, “ಸಹನಾನ ಕರ್ಕೊಂಡ ಬರಬೇಕಿತ್ತು. ಮುಂದಿನ ಸಲ ಎಲ್ಲಾರೂ ಕೂಡಿ ಬರೂಣು,” ಎಂದ. ಇಷ್ಟೇ ಮಾತು. ಅವನು ಸಮಾಧಾನದಿಂದಿದ್ದ, ನಿರ್ಮಲಾ. ನನಗೆ ಮಾತ್ರ — ಹೇಳಲು ನಾಚಿಕೆಯಾಗುತ್ತದೆ — ಬೇಸರವಾಗಿತ್ತು. ಗೆಳೆಯನ ಜೊತೆ ಮಜಾ ಮಾಡಲು ಬಂದರೆ ಇವನು ಯಾರೋ ಸಾಧುವಿನಂತೆ ಇದ್ದಾನಲ್ಲ ಎಂದು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮಧ್ಯಾಹ್ನ ಅವನು ಒಂದು ಸಣ್ಣ ಖಾನಾವಳಿ ತೋರಿಸಿದ. ಬಾಗಿಲಲ್ಲೇ ಮೀನು ಹುರಿಯುವ ವಾಸನೆ, ಒಳಗೆ ಬಾಳೆ ಎಲೆ. ಕಾರು ನಿಲ್ಲಿಸಲು ಜಾಗವಿಲ್ಲ ಎಂದೆ. ಜಾಗವಿತ್ತು. ಅಲ್ಲಿ ಬೀರು ಸಿಗುವುದಿಲ್ಲ ಎಂದು ನೋಡಿಯೇ ನಾನು ಮುಂದೆ ಹೋದದ್ದು. ಆದದ್ದು ಆಕಸ್ಮಿಕ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಕಸ್ಮಿಕವಾಗಿರಲಿಲ್ಲ.

ಸಮುದ್ರದ ಕಡೆಗೆ ತೆರೆದುಕೊಂಡಿದ್ದ ಬಾರಿನಲ್ಲಿ ಕೂತೆವು. ಬಂಗಡೆ ಫ್ರೈ ಬಂತು, ಏಡಿಯ ಸಾರು ಬಂತು. ಅವನು ಕೋಕಮ್ಮಿನ ಹುಳಿಗೆ ತೆಂಗಿನ ಹಾಲು ಬೆರೆಸಿದ ಸೋಲ್‌ ಕಡಿ ತರಿಸಿಕೊಂಡು, ಮೀಸೆಯ ಮೇಲೆ ಅದರ ಗುಲಾಬಿ ಬಣ್ಣ ಅಂಟಿಸಿಕೊಂಡು, “ಎಷ್ಟ ಚಲೋ ಐತೆಲ್ಲೋ ಇದು,” ಎಂದು ಇನ್ನೊಂದು ಕೇಳಿದ. ನಾನು ಎರಡು ಗ್ಲಾಸು ತರಿಸಿ, ಎರಡರಲ್ಲೂ ಬೀರು ಸುರಿದೆ.

ಅವನು ಅಂಗೈಯಿಂದ ಗ್ಲಾಸು ಮುಚ್ಚಿದ. “ಬ್ಯಾಡಲೇ ಚಂದ್ರ್ಯಾ.”

“ಬೀರಲೇ ಇದು. ಇದಕ್ಕ ಯಾರರ ಕುಡಿಯೂದ ಅಂತಾರೇನ?”

“ಒಂದ ಗುಟುಕೂ ಬ್ಯಾಡ. ನನ್ನ ಹಣೇಬಾರ ನನಗ ಗೊತ್ತೈತಿ.”

ಅಲ್ಲಿಗೆ ಬಿಡಬಹುದಿತ್ತು. ಅವನ ಅಂಗೈ ಇನ್ನೂ ಗ್ಲಾಸಿನ ಮೇಲೆಯೇ ಇತ್ತು. ಆಗ ನಾನು ಆಡಿದ ಮಾತನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ.

“ಹಿಂಗ ಸತ್ತವರಂಗ ಕುಂದ್ರೂದಾದ್ರ ನನ್ನ ಜೋಡಿ ಯಾಕ ಬಂದಿ? ಹಳೇ ಗಂಗ್ಯಾ ಎಲ್ಲಿ ಹೋದ? ನನಗ ಅವ ಬೇಕು. ಇಲ್ಲಿ ಯಾರ ನೋಡ್ತಾರ? ನಿರ್ಮಲಾನ ಮುಂದ ನಾ ಹೇಳೂದಿಲ್ಲ.”

ಅವನು ನನ್ನನ್ನು ನೋಡಲಿಲ್ಲ. ಸಮುದ್ರದ ಕಡೆ ನೋಡಿದ. ಅವನಿಗೆ ಏನನ್ನಿಸಿರಬಹುದು? ಕುಡಿಯದೆ ಇದ್ದರೆ ತಾನು ಯಾರಿಗೂ ಬೇಡದವನು ಎಂದೇ — ಚಿಕ್ಕಂದಿನಿಂದ ಜೊತೆಗಿದ್ದ ಗೆಳೆಯನಿಗೂ ಬೇಡವಾದೆ ಎಂದೇ — ನನಗೆ ಗೊತ್ತಿಲ್ಲ. ಕೇಳುವ ಅವಕಾಶ ಎಷ್ಟೋ ಸಲ ಬಂದಿತ್ತು, ಕೇಳಲಿಲ್ಲ. ಅವನು ಅಂಗೈ ತೆಗೆದ.

“ಒಂದ,” ಎಂದ.

ಮೂರಾದವು. ಆಮೇಲೆ ನಮ್ಮ ಹಳೆಯ ಗಂಗಾಧರ ಬಂದ. ದಂಡೆಯ ಮೇಲೆ ನೋಡುವವರಿಗಾಗಿ ನಿಲ್ಲಿಸಿದ ಹಳೆಯ ಯುದ್ಧನೌಕೆಯನ್ನು ಹತ್ತಿ, ನಮ್ಮ ಓಣಿಯ ಮುದುಕರೆಲ್ಲ ಸೈನ್ಯಕ್ಕೆ ಸೇರಿದರೆ ಹೇಗೆ ಸೆಲ್ಯೂಟ್ ಹೊಡೆಯುತ್ತಾರೆ ಎಂದು ಒಬ್ಬೊಬ್ಬರನ್ನೇ ಮಾಡಿ ತೋರಿಸಿದ. ಗುರುತಿಲ್ಲದ ಜನರೂ ಸುತ್ತ ನಿಂತು ನಕ್ಕರು. ನಾನು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಿರ್ಮಲಾ, ಇದನ್ನೂ ಹೇಳದೆ ಮುಚ್ಚಿಟ್ಟರೆ ಈ ಕಾಗದವೂ ಸುಳ್ಳಾಗುತ್ತದೆ — ನನ್ನ ಬಾಳಿನಲ್ಲೇ ಅಷ್ಟು ಖುಷಿಯಾಗಿದ್ದ ಮಧ್ಯಾಹ್ನ ಇನ್ನೊಂದಿಲ್ಲ.

ಸಂಜೆಯ ಬಾಟಲಿಯನ್ನು ಅವನೇ ತಂದ. ಅದು ಬೀರಾಗಿರಲಿಲ್ಲ. ಮರುದಿನ ಬೆಳಿಗ್ಗೆ ಚಹಾದ ಕಪ್ಪು ಹಿಡಿದ ಅವನ ಕೈ ನಡುಗುತ್ತಿತ್ತು. ಶಿರಸಿಯಲ್ಲಿ “ಒಂದ ನಿಮಿಷ ನಿಲ್ಲಸ,” ಎಂದಾಗ ಯಾಕೆಂದು ಕೇಳದೆ ನಿಲ್ಲಿಸಿದೆ. ಹಾವೇರಿ ಹತ್ತಿರ ಬರುತ್ತಿದ್ದಂತೆ ಬಾಯಿಗೆ ಹಾಕಿಕೊಳ್ಳಲು ಏಲಕ್ಕಿ ಕೊಟ್ಟವನೂ ನಾನೇ. ಮನೆ ಮುಂದೆ ಇಳಿದಾಗ ನೀನು ಮೊದಲು ಅವನ ಮುಖ ನೋಡಿದೆ, ಆಮೇಲೆ ನನ್ನ ಮುಖ.

“ಹೆಂಗಿದ್ರು ಅಣ್ಣಾ?”

“ಸೋಲ್‌ ಕಡಿ ಕುಡುದ ಕುಡುದ ಹೊಟ್ಟಿ ತಂಪ ಮಾಡ್ಕೊಂಡಾನ ನೋಡವಾ,” ಎಂದೆ. ನೀನು ನಕ್ಕೆ. ಊಟಕ್ಕೆ ಕರೆದೆ. ನಾನು ಕೂತು ನಿನ್ನ ಕೈಯ ಊಟ ಮಾಡಿದೆ. ಹತ್ತು ವರ್ಷದ ಸಹನಾ ಅಪ್ಪನ ಕ್ಯಾಮೆರಾ ಹಿಡಿದು, “ಬರೇ ದೋಣಿ ಅದಾವು, ಗುಡ್ಡ ಅದಾವು. ಆಮ್ಯಾಲಿಂದೂ ಫೋಟೊನ ಇಲ್ಲಲ್ಲಪಾ?” ಎಂದು ಕೇಳಿದಳು. ಬ್ಯಾಟರಿ ಮುಗಿದಿತ್ತು ಎಂದು ನಾನೇ ಉತ್ತರಿಸಿದೆ.

ಎಂಟು ದಿನದ ಮೇಲೆ ಆದದ್ದನ್ನು ನೀನು ಮರೆತಿಲ್ಲ. ಯಾರದೋ ಮಗುವಿನ ಹೆಸರಿಡುವ ಕಾರ್ಯಕ್ರಮಕ್ಕೆ ಅವನು ಫೋಟೊ ತೆಗೆಯಲು ಹೋಗಲಿಲ್ಲ. ಅವರು ಮನೆಗೇ ಬಂದು ಬೈದು ಹೋದರು. ಅವಮಾನದಿಂದ ನೀನು, ಅತ್ತೆಯ ಎದುರಿಗೇ, “ನಿಮ್ಮನ್ನ ನಂಬಿ ಯಾರ ಉದ್ಧಾರ ಆಗ್ಯಾರ?” ಎಂದೆ. ಅವನು ಎದ್ದು ಹೋದ. ಎಲ್ಲರಿಗೂ ಕಾಣುವ ಹಾಗೆ ಕುಡಿದು ಬಂದ. ಅಂದಿನಿಂದ ಇಡೀ ಓಣಿಗೆ ಒಂದೇ ಮಾತು — ಹೆಂಡತಿಯ ನಾಲಿಗೆ ಗಂಡನನ್ನು ಮತ್ತೆ ಬಾಟಲಿಗೆ ದೂಡಿತು.

ನಿರ್ಮಲಾ, ಅವನು ಆ ಕಾರ್ಯಕ್ರಮಕ್ಕೆ ಹೋಗದೆ ಇದ್ದದ್ದೇ ಕುಡಿದು ಸ್ಟುಡಿಯೊದಲ್ಲಿ ಬಿದ್ದುಕೊಂಡಿದ್ದರಿಂದ. ಅಲ್ಲಿಂದಲೇ ನನಗೆ ಫೋನ್ ಮಾಡಿದ್ದ. “ನಿಲ್ಲವಲ್ದೋ ಚಂದ್ರ್ಯಾ, ಏನ ಮಾಡ್ಲಿ?” ಎಂದು ಅತ್ತಿದ್ದ. ನಾಳೆ ಬಂದು ನೋಡುತ್ತೇನೆ ಎಂದು ಫೋನ್ ಇಟ್ಟೆ. ನಾಳೆ ಹೋಗಲಿಲ್ಲ. ನಿನ್ನ ಮುಖ ನೋಡಬೇಕಾಗುತ್ತದೆ ಎಂದು ಹೋಗಲಿಲ್ಲ.

ಒಂದೂವರೆ ವರ್ಷ ಬದುಕಿದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಣ್ಣು, ಮೈ ಎಲ್ಲ ಅರಿಸಿನವಾಗಿ ಮಲಗಿದ್ದಾಗ, ನೀನು ಔಷಧಿ ತರಲು ಕೆಳಗೆ ಹೋದ ಹೊತ್ತಿನಲ್ಲಿ, ನನ್ನ ಮುಂಗೈ ಹಿಡಿದು ಹೇಳಿದ: “ಕಾರವಾರದ್ದ ಯಾರ ಮುಂದೂ ಹೇಳಬ್ಯಾಡ. ಸುಮ್ನ ನೀ ಕೆಟ್ಟವ ಆಗ್ತಿ.”

ಸಾಯುವಾಗಲೂ ಅವನು ನನ್ನ ಮಾನ ಕಾದ. ನಾನು ಅದನ್ನೇ ಗುರಾಣಿ ಮಾಡಿಕೊಂಡೆ — ಸತ್ತವನ ಕೊನೆಯ ಮಾತು, ಮೀರಬಾರದು ಎಂದು. ಆದರೆ ನಿನ್ನ ತಲೆಗೆ ಈ ಪಾಪ ಸುತ್ತಿಕೊಳ್ಳಲಿ ಎಂದು ಅವನು ಹೇಳಿರಲಿಲ್ಲ. ಅದು ನಾನು ಮಾಡಿದ್ದು.

ಅವನನ್ನು ಮಣ್ಣು ಮಾಡಿದ ದಿನ ನಿನ್ನ ಅತ್ತೆ ಗೌರವ್ವ ಎಲ್ಲರೆದುರು, “ನಿನ್ನ ಬಾಯೇ ನನ್ನ ಮಗನ್ನ ತಿಂತು,” ಎಂದು ಎದೆ ಬಡಿದುಕೊಂಡಳು. ಅಷ್ಟು ಜನರ ನಡುವೆ ನೀನು ನನ್ನನ್ನು ಹುಡುಕಿ ನೋಡಿದೆ. “ನೀವರ ಹೇಳ್ರಿ ಅಣ್ಣಾ, ನಾಕ ವರ್ಷ ನಾ ಹೆಂಗ ಕಾದಿದ್ದೆ ಅಂತ.” ನಾನು ಎರಡು ಹೆಜ್ಜೆಯ ದೂರದಲ್ಲಿದ್ದೆ. ಬಾಯಿ ತೆರೆದೆ ಕೂಡ. “ಹೋಗ್ಲಿ ಬಿಡವಾ, ಆಗೂದ ಆಗಿ ಹೋತು,” ಎಂದೆ. ಆ ಮಾತು ಕೇಳಿದವರೆಲ್ಲ, ಗೆಳೆಯನೂ ಒಪ್ಪಿದ ಎಂದೇ ತಿಳಿದರು. ಹನ್ನೆರಡು ವರ್ಷದ ಸಹನಾಳೂ ಹಾಗೆಯೇ ತಿಳಿದಳು. ನೀನು ತವರಿಗೆ, ಅಗಡಿಗೆ ಹೊರಟಾಗ ಅವಳು ಅಜ್ಜಿಯ ಸೆರಗು ಬಿಡಲಿಲ್ಲ. ನೀನು ಹಾವೇರಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು, ಸಂಜೆ ಬಸ್ಸಿನಲ್ಲಿ ಕೂತು ಅವಳಿಗೆ ಫೋನ್ ಮಾಡುವುದು, ಅವಳು ಎತ್ತದೆ ಇರುವುದು — ಎಲ್ಲವೂ ನನಗೆ ಗೊತ್ತಿತ್ತು. ಅವಳ ಕಾಲೇಜಿನ ಫಾರ್ಮು ತುಂಬಿಸಲು ಹೋಗುತ್ತಿದ್ದವನು ನಾನೇ ತಾನೆ. ಒಳ್ಳೆಯ ಮಾಮಾ.

ಕಳೆದ ತಿಂಗಳು ಕದರಮಂಡಲಗಿಯ ಗುಡಿಯಲ್ಲಿ ನೀನು ಸಿಕ್ಕೆ. ಕೂದಲು ಬೆಳ್ಳಗಾಗಿತ್ತು. ಕಂಬಕ್ಕೆ ಒರಗಿ ಕೂತು, ನಾನು ಕೇಳದೆಯೇ ಹೇಳಿದೆ: “ಶನಿವಾರಕ್ಕೊಮ್ಮೆ ಬರ್ತೇನ್ರಿ ಅಣ್ಣಾ. ಆವತ್ತ ಆ ಮಾತ ಆಡಬಾರದಿತ್ತು. ಹನುಮಪ್ಪನ ಮುಂದ ತಪ್ಪಾತು ಅಂತ ಕೇಳ್ಕೊಂಡ ಹೋಗ್ತೇನಿ. ಸಹನಾನ ಅಪ್ಪಾರು ಕೇಳಸ್ಕೊಂಡಾರಂತೀರೇನು?”

ಆಗಲೂ ನಾನು ಹೇಳಲಿಲ್ಲ, ನಿರ್ಮಲಾ. ಆಗಲೂ. “ಕೇಳಸ್ಕೊಂಡಿರ್ತಾನ ಬಿಡವಾ,” ಎಂದು ಪ್ರಸಾದ ಹಿಡಿದು ಎದ್ದು ಬಂದೆ. ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಹೆಂಡತಿ ಏನಾಯಿತೆಂದು ಕೇಳಿದಳು. ಮೊದಲು ಅವಳಿಗೆ ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಮೊನ್ನೆ ಭಾನುವಾರ ರಾಣೆಬೆನ್ನೂರಿಗೆ ಹೋಗಿ, ಗೌರವ್ವನನ್ನೂ ಸಹನಾಳನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಗೌರವ್ವ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ.

“ಇಷ್ಟ ವರ್ಷ ನನ್ನ ಕೈಲೆ ಆಕಿನ್ನ ಬೈಸಿದ್ಯಲ್ಲೋ,” ಎಂದಳು ಮುದುಕಿ. “ನನ್ನ ಮಗನ್ನ ಸಾಕಿದಾಕಿನ್ನ. ನಾ ಯಾವ ಮುಖಾ ಹೊತ್ಕೊಂಡ ಹೋಗ್ಲಿ ಆಕಿ ಕಡೆ?”

ಸಹನಾ ಅಳಲಿಲ್ಲ. ನನ್ನನ್ನೇ ದಿಟ್ಟಿಸಿ ಕೇಳಿದಳು: “ಮಾಮಾ, ಅವ್ವ ಫೋನ್ ಮಾಡಿದಾಗೆಲ್ಲಾ ನಾ ಕಟ್ ಮಾಡೇನ್ರಿ. ನನ್ನ ಹುಟ್ಟಿದ ದಿನಾನೂ ಕಟ್ ಮಾಡೇನಿ. ನಿಮಗ ಗೊತ್ತಿತ್ತಲ್ಲ?”

ಗೊತ್ತಿತ್ತು ಎಂದೆ.

“ಹಂಗಾರ ಅವ್ವಗ ನೀವ ಹೇಳ್ರಿ. ನಿಮ್ಮ ಪರವಾಗಿ ನಾ ಹೇಳೂದಿಲ್ಲ.”

ಅದಕ್ಕೆ ಇದನ್ನು ಬರೆದಿದ್ದೇನೆ. ಎದುರಿಗೆ ನಿಂತರೆ ನನ್ನ ನಾಲಿಗೆ ಮತ್ತೆ ತಪ್ಪಿಸಿಕೊಳ್ಳುತ್ತದೆ ಎಂಬ ಭಯ — ಕಾಗದದಲ್ಲಿ ಬರೆದುಕೊಟ್ಟ ಮೇಲೆ ನಾನು ಹಿಂದೆ ಸರಿಯಲಾರೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮೆಯನ್ನೂ ನಿನ್ನಿಂದಲೇ ಪಡೆಯುವುದೆಂದರೆ, ನಿನ್ನ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ನೀನು ಆಡಿದ್ದು ನೊಂದ ಹೆಂಡತಿಯ ಒಂದು ಮಾತು. ಯಾವ ಮನೆಯಲ್ಲೂ ಅದು ಸಂಜೆಯೊಳಗೆ ಕರಗಿ ಹೋಗುತ್ತಿತ್ತು. ನೀನು ಅದನ್ನಾಡುವ ಹೊತ್ತಿಗೆ ಅವನ ನಾಲ್ಕು ವರ್ಷ ಮುರಿದು ಎಂಟು ದಿನವಾಗಿತ್ತು. ಮುರಿದವನು ನಾನು.

ನಾಳೆ ಬೆಳಗಿನ ಬಸ್ಸಿಗೆ ಸಹನಾ, ಗೌರವ್ವ ಈ ಕಾಗದ ಹಿಡಿದುಕೊಂಡು ಅಗಡಿಗೆ ಬರುತ್ತಾರೆ. ನಾನೂ ಅದೇ ಬಸ್ಸಿನಲ್ಲಿ ಬಂದು, ನಿಲ್ದಾಣದಲ್ಲಿಯೇ ಕೂತಿರುತ್ತೇನೆ. ಅವರು ಬಂದದ್ದು ನಿನ್ನ ಹತ್ತಿರ. ಆ ಹೊತ್ತಿನಲ್ಲಿ ನಾನು ನಡುವೆ ಇರಬಾರದು. ಅವರ ಜೊತೆ ಮಾತು ಮುಗಿದ ಮೇಲೆ, ನೀನು ಬರಹೇಳಿದರೆ ಬರುತ್ತೇನೆ. ನಿಮ್ಮ ಓಣಿಯವರನ್ನು ಕರೆ, ರಾಣೆಬೆನ್ನೂರಿನಲ್ಲಿ ಅಂದು ನೆರೆದಿದ್ದವರನ್ನೂ ಕರೆ — ಎಲ್ಲರ ನಡುವೆ ನಿಂತು, ಈ ಕಾಗದದ ಮೊದಲ ಸಾಲನ್ನು ಬಾಯಿಬಿಟ್ಟು ಹೇಳುತ್ತೇನೆ. ನೀನು ಕರೆಯದೆ ಇದ್ದರೆ, ನಿನಗೆ ನನ್ನ ಮುಖ ನೋಡುವುದೂ ಬೇಡವಾಗಿದೆ ಎಂದು ತಿಳಿದು ಕಡೆಯ ಬಸ್ಸು ಹತ್ತುತ್ತೇನೆ. ಆಗಲೂ ಅಂದು ನೆರೆದಿದ್ದವರ ಮನೆಮನೆಗೆ ಒಬ್ಬನೇ ಹೋಗಿ ಹೇಳುವುದನ್ನು ಬಿಡುವುದಿಲ್ಲ.