ಕತ್ತರಿಸದ ಲೇಬಲ್ಲು

ಮೊನ್ನೆ ಸ್ಕೂಟರ್ ರಿಪೇರಿಗೆ ಬಿಟ್ಟಿದ್ದಾಗ ಮೆಕ್ಯಾನಿಕ್ ಕೈಯ ಗ್ರೀಸನ್ನು ಬನಿಯನ್ ವೇಸ್ಟಿನ ಚಿಂದಿಯಲ್ಲಿ ಒರೆಸಿಕೊಂಡ. ಕೆಂಪು ಬಟ್ಟೆಯ ಚೂರು. ಅದರಲ್ಲಿ ಯಾವುದೋ ವಿದೇಶಿ ಅಂಗಡಿಯ ಲೇಬಲ್ಲು ಇನ್ನೂ ಉಳಿದಿತ್ತು. ಇಲ್ಲೇ ತಿರುಪ್ಪೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಮ ನೆನಪಾದರು...

ರಕ್ತಸಂಬಂಧವೇನಿಲ್ಲ. ನಮ್ಮ ತಮಿಳು ಬೀದಿಯಲ್ಲಿ ಮನೆಯೊಳಗೆ ಕನ್ನಡ ಆಡುತ್ತಿದ್ದದ್ದು ಎರಡೇ ಮನೆ, ಅಷ್ಟಕ್ಕೇ ಮಾಮ ಆದರು. ಕಾಂಗೇಯಂ ಕಡೆಯ ಹೊಲ ಮಾರಿ, ಹಿತ್ತಲ ಶೆಡ್ಡಿನಲ್ಲಿ ಹೊಲಿಗೆ ಮೆಷಿನ್ ಹಾಕಿಸಿದ್ದರು. ಬೆವರು ಸುರಿಯುವ ಊರಲ್ಲಿ ಕೂತು, ಕಾಣದ ದೇಶದ ಮಕ್ಕಳಿಗೆ ಚಳಿಯಂಗಿ ಹೊಲಿಸುವುದು. ಕೊಳ್ಳುತ್ತಿದ್ದವನು ಒಬ್ಬ ವಯಸ್ಸಾದ ಬಿಳಿಯ. ಒಮ್ಮೆ ಬಂದು ಬಾಳೆಲೆಯಲ್ಲಿ ಉಂಡು, ಅತ್ತೆಯ ರಸಂಗೆ ಕಣ್ಣೀರು ಸುರಿಸಿ, ಮತ್ತೂ ಕೇಳಿ ಬಡಿಸಿಕೊಂಡಿದ್ದ. ಅಂದಿನಿಂದ ಮಾಮನಿಗೆ ಅವನು ನೆಂಟ.

ಎರಡು ಸಾವಿರದ ಎಂಟರಲ್ಲಿ ಸರಕೆಲ್ಲ ಪೆಟ್ಟಿಗೆ ಸೇರಿದ ಹೊತ್ತಿಗೆ ಆರ್ಡರು ರದ್ದಾಯಿತು. ಅಮೆರಿಕದಲ್ಲಿ ಮನೆಸಾಲಗಳು ಮುಳುಗಿ, ಬ್ಯಾಂಕುಗಳು ಹೆದರಿ, ದೇಶದೇಶಕ್ಕೆ ಕೊಟ್ಟ ದುಡ್ಡನ್ನು ಹಿಂದಕ್ಕೆಳೆದುಕೊಂಡಿದ್ದವು. ಬಿಳಿಯನ ಅಂಗಡಿಗೆ ಬೀಗ ಬಿತ್ತು. ಶೆಡ್ ಅಡವಿಟ್ಟುಕೊಂಡಿದ್ದ ಇಲ್ಲಿನ ಬ್ಯಾಂಕೂ ಕೈ ಬಿಗಿಹಿಡಿಯಿತು.

"ಅಲ್ಲಿ ಯಾವನೋ ಮನೆ ಕಂತು ಕಟ್ಲಿಲ್ಲ ಅಂತ ಇಲ್ಲಿ ನನ್ ಮೆಷಿನ್ ನಿಂತೋತಾ?" ಎಂದು ಮಾಮ ಮೊದಮೊದಲು ನಗುತ್ತಿದ್ದರು.

ಉಳಿದ ಶೆಡ್ಡಿನವರು, ವಿದೇಶಿ ಹೆಸರಿದ್ದರೆ ಇಲ್ಲಿ ಮಾರುವಂತಿಲ್ಲವೆಂದು, ಲೇಬಲ್ ಕತ್ತರಿಸಿ, ಸರಕನ್ನು ಸಿಕ್ಕ ಬೆಲೆಗೆ ಫುಟ್‌ಪಾತಿನವರಿಗೆ ಮಾರಿ, ಶೆಡ್ ಉಳಿಸಿಕೊಂಡರು. ಮಾಮ ಕತ್ತರಿ ಮುಟ್ಟಲಿಲ್ಲ. ಸರಕು ಬೇಡವೆಂದು ಬರೆದದ್ದು ಬಿಳಿಯನಲ್ಲ, ಯಾರೋ ವಕೀಲರು. ಅವನ ಹೆಸರು ಹೊತ್ತ ಸರಕು, ಅವನ ಬಾಯಿಂದಲೇ ಬೇಡವೆಂದು ಬರಲಿ ಎಂಬುದು ಅವರ ಹಟ.

"ಕತ್ತರಿಸ್ಬೇಕಾದ್ದು ಲೇಬಲ್ಲು, ನಿಮ್ ಕೈಯಲ್ಲ," ಎಂದು ಅತ್ತೆ ಚುಚ್ಚಿದರು. "ನಿಮ್ ಬಿಳಿ ನೆಂಟ ಬಂದು ಶೆಡ್ ಬಿಡಿಸ್ಕೊಡ್ತಾನಾ?"

ಮಾಮ ಕಾದರು. ಫೋನು ಹಚ್ಚಿದರೆ ಆಚೆ ಯಾರೂ ಎತ್ತುತ್ತಿರಲಿಲ್ಲ. ದೀಪಾವಳಿಯ ಮಳೆಗೆ ಚಾವಣಿಯ ಶೀಟು ಸೋರಿ, ಅಂಗಿಗಳಿಗೆ ಬೂಷ್ಟು ಹಿಡಿಯಿತು. ಕೊನೆಗೆ ಅವು ಲೇಬಲ್ ಸಮೇತ ತೂಕದ ಲೆಕ್ಕದಲ್ಲಿ ವೇಸ್ಟಿಗೆ ಹೋದವು. ಶೆಡ್ಡೂ ಹೋಯಿತು. ಮಾಮ ಬೇರೆಯವರ ಕಂಪನಿಯಲ್ಲಿ ಹೊಲಿಗೆಯ ತಪ್ಪು ಹುಡುಕುವ ಚೆಕಿಂಗ್ ಕೆಲಸಕ್ಕೆ ಸೇರಿದರು.

ಒಂದು ಸಂಜೆ ಜಗಲಿಯಲ್ಲಿ ಕೂತು ನನ್ನೊಡನೆ ಅಂದರು, "ಅವ್ನು ಬಂದ್ ನನ್ ಸರಕೆಲ್ಲಿ ಅಂದ್ರೆ ಏನ್ ಹೇಳ್ಲಿ ಅಂತ ಕಾಯ್ತಿದ್ನಪ್ಪಾ. ಅಲ್ಲಿ ಅವನ್ನೇ ಲೇಬಲ್ ಥರ ಯಾರೋ ಕತ್ತರ್ಸಿ ಬಿಸಾಕವ್ರೆ ಅಂತ ತೋಚ್ಲೇ ಇಲ್ಲ..."

ಮಾಮ ತೀರಿಕೊಂಡು ವರ್ಷಗಳಾದವು. ಈಗ ಮತ್ತೆ ದೂರದಲ್ಲೆಲ್ಲೋ ಏನೋ ಆಗಿ ಆರ್ಡರುಗಳು ನಿಲ್ಲುತ್ತಿವೆ. ಆ ಶೆಡ್ಡಿನ ಹೊಸ ಮಾಲೀಕ ಸುದ್ದಿ ಬಂದ ದಿನವೇ ಹೆಂಗಸರನ್ನು ಕೂರಿಸಿ ಲೇಬಲ್ ಕತ್ತರಿಸುತ್ತಾನೆ. ಅದೇ ಸರಿ, ಕೂಲಿ ನಡೆಯಬೇಕಲ್ಲ. ಆದರೂ ಗೋಡೆಯಾಚೆಯ ಕತ್ತರಿ ಸದ್ದು ಒಂದು ಗಳಿಗೆಯಾದರೂ ನಿಂತೀತೇ ಎಂದು ಕಿವಿಗೊಟ್ಟು ನಿಲ್ಲುತ್ತೇನೆ. ಅದು ನಿಲ್ಲುವುದಿಲ್ಲ.