ಸೋಮವ್ವ ಎತ್ತಿದ ಮೂಲೆಗೋಡೆ

ಹನ್ನೊಂದು ವರ್ಷ ಸೋಮವ್ವ ಮುಂಬಯಿಯ ಬಿಲ್ಡಿಂಗುಗಳಿಗೆ ತಲೆಯ ಮೇಲೆ ಬುಟ್ಟಿಯಲ್ಲಿ ಗಾರೆ ಹೊತ್ತಳು. ಗಂಡ ಸಾಯಬಣ್ಣ ಮಣ್ಣು ಅಗೆಯುವವನು. ಸೈಟು ಬದಲಾದಾಗಲೆಲ್ಲ ಹೊಸ ಜೋಪಡಿಗೆ ಗೋಡೆ ಎತ್ತಿ, ಒಲೆ ಹೂಡಿ, ನೆಲ ಸಾರಿಸುವವಳು ಅವಳೇ. ನೆರೆಯವರ ಒಲೆಗಳೂ ಅವಳ ಕೈಯವೇ. ಗೋಡೆ ಕಟ್ಟುವ ಗೌಂಡಿಗಳು ಬೀಡಿ ಸೇದಲು ಕೂತರೆ ಅವರ ಗಾರೆ ಹಚ್ಚುವ ಥಾಪಿ ಹಿಡಿದು ನಾಲ್ಕು ವರಸೆ ಇಟ್ಟಿಗೆ ಏರಿಸಿಟ್ಟವಳೂ ಅವಳೇ. ಅದಕ್ಕೆಲ್ಲ ಕೂಲಿಯಿಲ್ಲ. ಹೆಂಗಸಿನ ಕೈ ತಾನಾಗಿ ಆಡುತ್ತದೆಂದು ಎಲ್ಲರ ನಂಬಿಕೆ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಸಿಮೆಂಟು ಸಿಗದೆ ಸೈಟು ನಿಂತಿತು. ಕೂಲಿಯವರು ಸೇರುವ ಅಂಧೇರಿ ನಾಕಾದಿಂದ ದಿನವೂ ಬರಿಗೈಲಿ ಮರಳುವಾಗ ಸುದ್ದಿ ಬಂತು: ಒಬ್ಬ ಕಂತ್ರಾಟುದಾರ ಗೌಂಡಿ ಕೆಲಸ ಕಲಿಸುತ್ತಾನಂತೆ, ಪಾಸಾದವರಿಗೆ ಗೋರೆಗಾಂವ್ ಕಾಲನಿಯಲ್ಲಿ ಕೆಲಸ ಖಾಯಂ. ಸೋಮವ್ವ ಮೊದಲು ಓಡಿದಳು.

ಕಂತ್ರಾಟುದಾರನ ಗುಮಾಸ್ತ, ಉಡುಪಿ ಕಡೆಯ ರಮಾನಾಥ ನಕ್ಕ. "ಇದು ಹೆಂಗಸರಿಗಲ್ಲ ಮಾರಾಯ್ತಿ. ನಿನಗೆ ಅನುಭವ ಉಂಟಾ?"

"ನಲವತ್ತು ಒಲಿ ಕಟ್ಟೀನ್ರಿ. ನಮ್ಮ ಮನಿ ಗ್ವಾಡಿ ಎಲ್ಲಾ ನಂದ."

"ಅದು ಮನೆಗೆಲಸ. ಗಂಡ ಇದ್ದಾನಲ್ಲ, ಕಳಿಸು."

ಸಾಯಬಣ್ಣನ ಹೆಸರು ಬರೆದುಕೊಂಡ. ಕ್ಲಾಸಿನಲ್ಲಿ ತಿಳಿಯದೆ ಬಂದವನಿಗೆ ಸಂಜೆ ರೊಟ್ಟಿ ಬಡಿಯುತ್ತಲೇ ಅವಳು ಗಾರೆಯ ಹದ ಹೇಳಿಕೊಟ್ಟಳು.

ಪರೀಕ್ಷೆಗೆ ಮೂಲೆಗೋಡೆ ಕಟ್ಟಬೇಕು. ಗೌಂಡಿಗೆ ಗಾರೆ ಕಲಸಿಕೊಡಲು ಅವನ ಹೆಂಡತಿ ಬರಬೇಕು. ಸೈಟಿನಲ್ಲಿ ಕೂಲಿಗೆ ಹಿಡಿಯುವ 'ಜೋಡಿ' ಎಂದರೆ ಹೀಗೆ ಗಂಡ-ಹೆಂಡತಿಯೇ. ಐದನೇ ವರಸೆಗೆ ಸಾಯಬಣ್ಣನ ಗೋಡೆ ವಾಲಿತು.

"ಸೋಮಿ, ತುಸು ನೋಡ," ಎಂದು ಪಿಸುಗುಟ್ಟಿದ.

ಅವಳು ಥಾಪಿ ಕಸಿದುಕೊಂಡಳು. ವಾಲಿದ್ದನ್ನು ಕೆಡವಿ ಎಲ್ಲರೆದುರು ಮೂಲೆ ಎತ್ತಿದಳು. ಪರೀಕ್ಷೆ ನೋಡುವ ಮೇಸ್ತ್ರಿ ಬಂದು ತೂಗುಗುಂಡು ಇಳಿಬಿಟ್ಟ. ಕೂದಲೆಳೆಯಷ್ಟೂ ಓರೆಯಿಲ್ಲ.

"ಶಾಬಾಸ್! ಸಾಯಬಣ್ಣ ಪಾಸ್," ಎಂದ ಮೇಸ್ತ್ರಿ.

"ಕಟ್ಟಿದಾಕಿ ನಾ ಅದೀನ್ರಿ."

"ಗೊತ್ತುಂಟು ಮಾರಾಯ್ತಿ," ಎಂದ ರಮಾನಾಥ. "ಇನ್ನು ಅವನ ಗೋಡೆ ತಪ್ಪಿದ್ರೆ ಸರಿ ಮಾಡ್ಲಿಕ್ಕೆ ನೀನು ಇದ್ದಿಯಲ್ಲ!"

ಗಂಡಸರು ನಕ್ಕರು. ಸಾಯಬಣ್ಣನೂ ನಕ್ಕ.

ಗಾರೆ ಇನ್ನೂ ಹಸಿಯಿತ್ತು. ಸೋಮವ್ವ ಒಂದೊಂದೇ ಇಟ್ಟಿಗೆ ಕಿತ್ತು ಗಂಡನ ಕಾಲ ಬಳಿ ಎಸೆದಳು. "ಹೆಸರು ನಿಂದಲ್ಲಾ? ಕಟ್ಟು ಈಗ."

"ಹುಚ್ಚಿ! ನಾಳಿ ಉಣ್ಣೂದೇನ?"

"ಹನ್ನೊಂದು ವರ್ಷ ಏನ ಉಂಡಿ? ನನ್ನ ತಲಿ ಮ್ಯಾಲಿನ ಬುಟ್ಟಿ."

ಮರುದಿನ ನಾಕಾದಲ್ಲಿ ಗಾರೆ ಹೊರುವ ಹೆಂಗಸರನ್ನು ದಾಟಿ, ಗಂಡನ ಥಾಪಿ ಹಿಡಿದು ಗೌಂಡಿಗಳ ಸಾಲಿನಲ್ಲಿ ನಿಂತಳು. ಯಾರೂ ಕರೆಯಲಿಲ್ಲ. ಮೂರನೆಯ ದಿನವೂ ಅಲ್ಲೇ ನಿಂತಳು. ಬುಟ್ಟಿ ತಂದಿರಲಿಲ್ಲ.